ತುಟಿ ಒಬ್ಬನದು, ದನಿ ಇನ್ನೊಬ್ಬನದು

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸ. ನಮ್ಮಪ್ಪನಿಗೆ ಕೌಬಾಯ್ ಸಿನಿಮಾ ಅಂದ್ರೆ ಪ್ರಾಣ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಓದುವಾಗ ಎಂ.ಜಿ. ರಸ್ತೆಯ ಟಾಕೀಸುಗಳಲ್ಲಿ ಅವನ್ನೆಲ್ಲ ನೋಡಿದ್ದರಂತೆ. ಈಗ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಇಟಲಿಯವರು ಮಾಡಿದ ಹಳೇ ವೆಸ್ಟರ್ನ್‌ಗಳನ್ನು ನೋಡುತ್ತೇವೆ. ಮೊನ್ನೆ ನಾನು ಹಾಕಿದ ಇಟಾಲಿಯನ್ ಪ್ರತಿ ನೋಡಿ ಅಪ್ಪ ರೇಗಿದರು: 'ಇದು ಕ್ಲಿಂಟ್ ಈಸ್ಟ್‌ವುಡ್ ದನಿಯೇ ಅಲ್ಲ, ಯಾವುದೋ ಡೂಪ್ಲಿಕೇಟ್ ತಂದಿದ್ದೀಯ.' ಇಂಗ್ಲಿಷ್ ಹಾಕಿದರೆ ಅದರಲ್ಲೂ ಅರ್ಧ ಜನರ ತುಟಿಗೂ ಮಾತಿಗೂ ತಾಳೆ ಇಲ್ಲ. ಬೇರೆ ಬೇರೆ ಸಿನಿಮಾಗಳ ಮೂವರು ಖಳರು ಒಂದೇ ದನಿಯಲ್ಲಿ ಮಾತಾಡುತ್ತಾರೆ. ಒಂದೇ ಮುಖದ ನಟನಿಗೆ ಎರಡು ಹೆಸರು. ನಮ್ಮ ಪ್ರತಿಯೇ ಕೆಟ್ಟದ್ದಾ? ಯಾವುದು ಅಸಲಿ? ಇನ್ನೊಂದು ಆಸೆ: ಮೊದಲ ಡಾಲರ್ ಚಿತ್ರದಲ್ಲಿ ಶವಪೆಟ್ಟಿಗೆ ಮಾಡುವ ಮುದುಕನ ದೃಶ್ಯವನ್ನು ಮನೆಮಂದಿ ಸೇರಿ ಕನ್ನಡಕ್ಕೆ ಡಬ್ ಮಾಡಬೇಕು ಅಂತ. ಯಾವ ಭಾಷೆಯಿಂದ ಮಾಡಲಿ?

ಉತ್ತರ: ಮೊದಲು ಅಪ್ಪನ ಜಗಳ ಬಗೆಹರಿಸೋಣ. ಅಪ್ಪ ಹೇಳಿದ್ದು ಸರಿ. ಇಟಾಲಿಯನ್ ಪ್ರತಿಯಲ್ಲಿ ಈಸ್ಟ್‌ವುಡ್ ಬಾಯಿಂದ ಬರುವುದು ಎನ್ರಿಕೊ ಮಾರಿಯಾ ಸಲೆರ್ನೊ ಅವರ ದನಿ. ಅವರು ಇಟಲಿಯ ದೊಡ್ಡ ನಟರು. ಡಾಲರ್ ಚಿತ್ರಗಳು ಅಂದರೆ ಸೆರ್ಜಿಯೊ ಲಿಯೋನೆ ಈಸ್ಟ್‌ವುಡ್ ಅವರನ್ನು ಹಾಕಿಕೊಂಡು ಮಾಡಿದ ಮೂರು ವೆಸ್ಟರ್ನ್‌ಗಳು. ಆ ಮೂರರಲ್ಲೂ ಅಲ್ಲಿನ ಪ್ರೇಕ್ಷಕರು ಕೇಳಿದ್ದು ಸಲೆರ್ನೊ ಅವರನ್ನೇ. ಆದರೆ ಡೂಪ್ಲಿಕೇಟ್ ಅನ್ನುವ ಮಾತು ಮಾತ್ರ ತಪ್ಪು. ಯಾಕೆಂದರೆ ಅಪ್ಪ ಟಾಕೀಸಿನಲ್ಲಿ ಕೇಳಿದ ದನಿಯೂ ಡಬ್ಬಿಂಗೇ. ಅದು ಈಸ್ಟ್‌ವುಡ್ ಅವರದ್ದೇ ದನಿ, ನಿಜ. ಆದರೆ ಶೂಟಿಂಗ್ ಜಾಗದಲ್ಲಿ ಹಿಡಿದದ್ದಲ್ಲ. ಮೊದಲನೆಯದಾದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಇಟಲಿಯಲ್ಲಿ ಬಂದದ್ದು 1964ರಲ್ಲಿ, ಅಮೆರಿಕದಲ್ಲಿ ಬಂದದ್ದು 1967ರಲ್ಲಿ. ಆ ಬಿಡುಗಡೆಗಾಗಿ ಅವರು ಮೈಕ್ ಮುಂದೆ ನಿಂತು, ತೆರೆಯ ಮೇಲಿನ ತಮ್ಮದೇ ತುಟಿ ನೋಡಿಕೊಂಡು ಮತ್ತೆ ಮಾತಾಡಿದರು. ಅಂದರೆ ಆ ಪಾತ್ರದ ಮಾತನ್ನು ಜಗತ್ತು ಮೊದಲು ಕೇಳಿದ್ದು ಸಲೆರ್ನೊ ದನಿಯಲ್ಲಿ.

ನಿಮ್ಮ ಪ್ರತಿ ಕೆಟ್ಟದ್ದಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನಮ್ಮ ಡಬ್ಬಿಂಗ್ ಥಿಯೇಟರಿನಲ್ಲೂ ನಾವು ಮಾಡುವುದು ಇದನ್ನೇ. ತುಟಿ ನೋಡಬೇಡಿ. ಪಿಸ್ತೂಲಿನ ಹೊಗೆ ನೋಡಿ, ಬಾಗಿಲು ಬಡಿಯುವುದನ್ನು ನೋಡಿ. ಢಂ ಅನ್ನುವ ಸದ್ದು ಸರಿಯಾದ ಕ್ಷಣಕ್ಕೆ ಬಂದರೆ ಪ್ರತಿ ಚೆನ್ನಾಗಿಯೇ ಇದೆ, ತುಟಿ ತಪ್ಪುವುದು ಹುಟ್ಟುಗುಣ. ಗುಂಡಿನ ಸದ್ದೂ ಹಿಂದೆ ಬಿದ್ದರೆ ಫೈಲಿನ ಆಡಿಯೋ ಜಾರಿದೆ. ಅದಕ್ಕೂ ಮುಂಚೆ ಟಿವಿಗೆ ಬ್ಲೂಟೂತ್ ಸ್ಪೀಕರ್ ಹಾಕಿದ್ದೀರಾ ನೋಡಿ. ಅದು ಸದ್ದನ್ನು ಚೂರು ತಡ ಮಾಡುತ್ತದೆ. ಇಟಲಿಯವರು ಮಾಡದ ತಪ್ಪಿಗೆ ಅವರನ್ನು ಬೈಯುವುದು ಬೇಡ.

ಇನ್ನು ಹುಟ್ಟುಗುಣದ ಮಾತು. 'ನಟರಿಗೆ ನಟನೆ ಬರುತ್ತಿರಲಿಲ್ಲ, ಅದಕ್ಕೇ ಬೇರೆಯವರ ದನಿ ಹಾಕಿದರು' ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಈ ಚಿತ್ರಗಳಿಗೆ ಒಂದು ದೇಶದ ದುಡ್ಡು ಸಾಲುತ್ತಿರಲಿಲ್ಲ. ಮೊದಲ ಡಾಲರ್ ಚಿತ್ರಕ್ಕೆ ಇಟಲಿ, ಸ್ಪೇನ್, ಪಶ್ಚಿಮ ಜರ್ಮನಿ ಮೂರೂ ಕಡೆಯಿಂದ ಬಂಡವಾಳ ಬಂತು. ದುಡ್ಡು ಹಾಕಿದ ದೇಶದ ನಟರೂ ಜೊತೆಗೆ ಬಂದರು. ಹಾಗಾಗಿ ಸೆಟ್ಟಿನಲ್ಲಿ ಈಸ್ಟ್‌ವುಡ್ ಇಂಗ್ಲಿಷ್, ಜಾನ್ ಮರಿಯಾ ವೊಲೊಂತೆ ಇಟಾಲಿಯನ್, ಮರಿಯಾನೆ ಕೊಖ್ ಜರ್ಮನ್, ಸ್ಪೇನಿನವರು ಸ್ಪ್ಯಾನಿಶ್. ನಿರ್ದೇಶಕ ಸೆರ್ಜಿಯೊ ಲಿಯೋನೆಗೆ ಇಂಗ್ಲಿಷ್ ಬಾರದು, ಈಸ್ಟ್‌ವುಡ್‌ಗೆ ಇಟಾಲಿಯನ್ ಬಾರದು. ನಡುವೆ ದುಭಾಷಿಯಾಗಿ ನಿಂತವರು ಬೆನಿತೊ ಸ್ತೆಫಾನೆಲ್ಲಿ ಎಂಬ ಸ್ಟಂಟ್ ನಟ. ಎದುರಿನವನ ಮಾತು ಅರ್ಥವಾಗದೆ, ಅವನ ಬಾಯಿ ನಿಂತಾಗ ತನ್ನ ಸಾಲು ಹೇಳುವ ನಟನೆ ಅದು. ಸುಮ್ನೆ ಒಮ್ಮೆ ಮನೆಯಲ್ಲಿ ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಇಷ್ಟು ಭಾಷೆಯ ಮಾತನ್ನು ಹಿಡಿದಿಟ್ಟು ಏನು ಮಾಡುವುದು? ಅದಕ್ಕೆ ಲೊಕೇಶನ್ ಸದ್ದನ್ನು ನಮ್ಮಲ್ಲಿನ ಪೈಲಟ್ ಟ್ರ್ಯಾಕಿನ ಹಾಗೆ ಬರೀ ಗುರುತಿಗೆ ಬಳಸಿದರು. ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಸ್ಪೇನಿನಲ್ಲಿ, ಅಲ್ಮೇರಿಯಾದ ತಬೆರ್ನಾಸ್ ಮರುಭೂಮಿಯ ಕಡೆ. ಅಲ್ಲಿ ಗಾಳಿ ಜಾಸ್ತಿ. ಕ್ಯಾಮೆರಾಗಳಿಗೂ ಸದ್ದು. ಟೆಕ್ನಿಸ್ಕೋಪ್ ಅಂತ ಒಂದು ಅಗ್ಗದ ವಿಧಾನ ಇತ್ತು. ಮಾಮೂಲಿ ಫ್ರೇಮಿಗೆ ಫಿಲ್ಮಿನ 4 ರಂಧ್ರದಷ್ಟು ಎತ್ತರ ಬೇಕು, ಇದಕ್ಕೆ 2 ಸಾಕು. ಅದೇ ರೀಲು ಎರಡರಷ್ಟು ಹೊತ್ತು ಓಡುತ್ತದೆ. ಫಿಲ್ಮಿನಲ್ಲೇ ಹೀಗೆ ಕಾಸು ಉಳಿಸುವವರು ಸೆಟ್ಟಿನಲ್ಲಿ ನಿಶ್ಶಬ್ದ ಮಾಡಿಸಲು ಖರ್ಚು ಮಾಡುತ್ತಾರಾ? ಜೊತೆಗೆ ಡಬ್ಬಿಂಗ್ ಅವರಿಗೆ ಹೊಸದಲ್ಲ. ಮುಸೊಲಿನಿ ಕಾಲದಲ್ಲಿ ವಿದೇಶಿ ಚಿತ್ರ ಇಟಾಲಿಯನ್ನಿನಲ್ಲೇ ಮಾತಾಡಬೇಕಿತ್ತು. ಸ್ಪೇನಿನಲ್ಲಿ ಫ್ರಾಂಕೊ ಸರ್ಕಾರ 1941ರಲ್ಲಿ ಅಂಥದೇ ಆದೇಶ ಹೊರಡಿಸಿತು. ಎರಡೂ ಕಡೆ ನುರಿತ ದನಿಗಳ ಪಡೆಯೇ ತಯಾರಾಗಿತ್ತು.

ಹಾಗಾದರೆ ಯಾವುದು ಅಸಲಿ? ನನ್ನ ಅಭಿಪ್ರಾಯ ಕೇಳಿದರೆ, ಯಾವುದೂ ಅಲ್ಲ. ಇಂಗ್ಲಿಷ್ ಅಸಲಿ ಅನ್ನುವವರು ನಾಯಕನ ತುಟಿ ತೋರಿಸುತ್ತಾರೆ. ಇಟಾಲಿಯನ್ ಅಸಲಿ ಅನ್ನುವವರು ನಿರ್ದೇಶಕನ ಪಾಸ್‌ಪೋರ್ಟ್ ತೋರಿಸುತ್ತಾರೆ. ಸಿನಿಮಾ ಮಾತ್ರ ಎರಡನ್ನೂ ಡಬ್ಬಿಂಗ್ ಕೋಣೆಯಲ್ಲೇ ಕಟ್ಟಿಕೊಂಡಿದೆ. ಸದ್ದನ್ನು ಆಮೇಲೆ ಕೂರಿಸುವುದನ್ನೇ ಲಿಯೋನೆ ಒಂದು ಕಲೆ ಮಾಡಿಕೊಂಡಿದ್ದರು. 'ವನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' (1968) ಶುರುವಾಗುವ ರೈಲು ನಿಲ್ದಾಣವನ್ನು ಕಣ್ಣು ಮುಚ್ಚಿ ಕೇಳಿ. ಗಾಳಿಯಂತ್ರ ಕಿರ್ರೋ ಅನ್ನುತ್ತದೆ. ವುಡಿ ಸ್ಟ್ರೋಡ್ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ. ಜ್ಯಾಕ್ ಎಲಾಮ್ ಮುಖದ ಮೇಲೆ ನೊಣ ಹರಿದಾಡುತ್ತದೆ. ಮೂರನೆಯವನು ಬೆರಳಿನ ನೆಟಿಕೆ ಮುರಿಯುತ್ತಾನೆ. ಮಾತೇ ಇಲ್ಲದ ಹಾಗೆ ನಿಮಿಷಗಟ್ಟಲೆ ಹೋಗುತ್ತದೆ, ಆದರೂ ಅದು ಸದ್ದಿನ ಹಬ್ಬ. ನಾನು ಹೊಸ ಸೌಂಡ್ ಹುಡುಗರಿಗೆ ಮೊದಲು ಕೇಳಿಸುವುದು ಇದನ್ನೇ.

ಆ ನೆಟಿಕೆ ಮುರಿಯುವವರು ಅಲ್ ಮ್ಯೂಲಕ್, ಕೆನಡಾದವರು. ಹೆಸರು ಯಾರಿಗೂ ನೆನಪಿಲ್ಲ, ಮುಖ ಎಲ್ಲರಿಗೂ ಗೊತ್ತು. ಮೂರನೇ ಡಾಲರ್ ಚಿತ್ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' (1966) ಶುರುವಾಗುವುದೇ ಅವರ ಮುಖ ಇಡೀ ತೆರೆ ತುಂಬಿಕೊಳ್ಳುವುದರಿಂದ. ಆಮೇಲೆ ಸ್ನಾನದ ತೊಟ್ಟಿಯಲ್ಲಿ ಕೂತ ತುಕೊ ಎಂಬ ಡಕಾಯಿತನನ್ನು (ಈಲಾಯ್ ವಾಲಕ್ ಮಾಡಿದ ಪಾತ್ರ) ಕೊಲ್ಲಲು ಬಂದು, ಮಾತಾಡುತ್ತಾ ನಿಂತು ಗುಂಡು ತಿನ್ನುವವನೂ ಅವರೇ. 1968ರಲ್ಲಿ ಆ ರೈಲು ನಿಲ್ದಾಣದ ಚಿತ್ರದ ಶೂಟಿಂಗ್ ನಡೆಯುತ್ತಿರುವಾಗಲೇ ಸ್ಪೇನಿನ ಗ್ವಾದಿಕ್ಸ್ ಊರಿನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು.

ಈಗ ಎರಡು ಹೆಸರಿನ ವಿಷಯ. ಕೌಬಾಯ್ ಚಿತ್ರ ಅಂದರೆ ಅಮೆರಿಕದ್ದೇ ಇರಬೇಕು ಅಂತ ಇಟಲಿಯ ಪ್ರೇಕ್ಷಕರೂ ನಂಬಿದ್ದ ಕಾಲ. ಹಾಗಾಗಿ ಹೆಸರು ಬದಲಾಯಿಸಿದರು. ಲಿಯೋನೆ ಮೊದಲ ಪ್ರತಿಗಳಲ್ಲಿ ಬಾಬ್ ರಾಬರ್ಟ್‌ಸನ್ ಆದರು. ವೊಲೊಂತೆ ಜಾನ್ ವೆಲ್ಸ್ ಆದರು, ಸಂಗೀತದ ಎನ್ನಿಯೊ ಮೊರಿಕೋನೆ ಡ್ಯಾನ್ ಸೇವಿಯೊ ಆದರು. ಜೂಲಿಯಾನೊ ಜೆಮ್ಮಾ ಕೆಲವು ಪ್ರತಿಗಳಲ್ಲಿ ಮಾಂಟ್‌ಗೊಮರಿ ವುಡ್. ಆಂಟನಿ ಸ್ಟೆಫೆನ್ ಅಂತ ಪೋಸ್ಟರ್‌ನಲ್ಲಿ ಇರುವವರು ಬ್ರೆಜಿಲ್ ಮೂಲದ ಅಂತೋನಿಯೊ ದೆ ತೆಫೆ. ಜಾರ್ಜ್ ಹಿಲ್ಟನ್ ಉರುಗ್ವೆಯವರು. ರಾಬರ್ಟ್ ಹುಂದರ್ ಅಂದರೆ ಕ್ಲಾವುದಿಯೊ ಉಂದಾರಿ. ಜಾರ್ಜ್ ಈಸ್ಟ್‌ಮನ್ ಅಂದರೆ ಲುಯಿಜಿ ಮೊಂತೆಫಿಯೋರಿ. ಸ್ಪೇನಿನ ಅಲ್ದೊ ಸಾಂಬ್ರೆಲ್ ಮೂರೂ ಡಾಲರ್ ಚಿತ್ರಗಳಲ್ಲಿ ಗ್ಯಾಂಗಿನೊಳಗೆ ಇದ್ದಾರೆ. ಅವರ ಪೂರ್ತಿ ಹೆಸರು ಅಲ್ಫ್ರೆದೊ ಸಾಂಚೆಸ್ ಬ್ರೆಲ್. ಕೊನೆಯ ಎರಡನ್ನು ಸೇರಿಸಿ ಉಚ್ಚರಿಸಿ, ಸಾಂಬ್ರೆಲ್ ಹೇಗೆ ಹುಟ್ಟಿತು ಗೊತ್ತಾಗುತ್ತದೆ.

ಅಪ್ಪನಿಗೆ ಖುಷಿಯಾಗುವ ಜೋಡಿ ಇನ್ನೊಂದಿದೆ. ಟೆರೆನ್ಸ್ ಹಿಲ್ ಮತ್ತು ಬಡ್ ಸ್ಪೆನ್ಸರ್. ಇಬ್ಬರೂ ಅಮೆರಿಕದವರಲ್ಲ. ಹಿಲ್ ವೆನಿಸ್‌ನಲ್ಲಿ ಹುಟ್ಟಿದ ಮಾರಿಯೊ ಜಿರೊತ್ತಿ. ಸ್ಪೆನ್ಸರ್ ನೇಪಲ್ಸ್‌ನ ಕಾರ್ಲೊ ಪೆದೆರ್ಸೋಲಿ. ಸ್ಪೆನ್ಸರ್ 1952 ಮತ್ತು 1956ರ ಒಲಿಂಪಿಕ್ಸ್‌ಗೆ ಇಟಲಿಯಿಂದ ಹೋದ ಈಜುಗಾರ. 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಇಟಾಲಿಯನ್ ಅವರೇ. ಹೆಸರು ಸಾಲದು ಅಂತ ದನಿಯೂ ಬೇರೆಯವರದು. ಇಟಾಲಿಯನ್ನಿನಲ್ಲಿ ಸ್ಪೆನ್ಸರ್‌ಗೆ ಗ್ಲಾವ್ಕೊ ಒನೊರಾತೊ, ಹಿಲ್‌ಗೆ ಪಿನೊ ಲೊಕ್ಕಿ. ಗಮನಿಸಿ, ಇಬ್ಬರೂ ಇಟಲಿಯವರೇ, ಇಟಾಲಿಯನ್ ಪ್ರತಿಯಲ್ಲೂ ಅವರ ದನಿ ಇಲ್ಲ!

ಒಂದೇ ದನಿ ಹಲವು ಬಾಯಲ್ಲಿ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇದೇ ಲೊಕ್ಕಿ ಇಟಲಿಯಲ್ಲಿ ಶಾನ್ ಕಾನರಿಯ ಜೇಮ್ಸ್ ಬಾಂಡ್‌ಗೂ ದನಿ. ಎರಡನೇ ಡಾಲರ್ ಚಿತ್ರದಲ್ಲಿ ಕರ್ನಲ್ ಆಗಿದ್ದ ಅಮೆರಿಕದ ಲೀ ವಾನ್ ಕ್ಲೀಫ್‌ಗೆ ಮಾತಾಡಿದ ಎಮಿಲಿಯೊ ಚಿಗೋಲಿ ಜಾನ್ ವೇನ್‌ಗೂ ಮಾತಾಡುತ್ತಿದ್ದರು. ರೋಮ್‌ನಲ್ಲಿ ಕೂತವನ ಕಿವಿಗೆ ಹಳೇ ಹಾಲಿವುಡ್ ವೆಸ್ಟರ್ನ್‌ನ ನಾಯಕನ ದನಿಯೇ ಹೊಸ ವೆಸ್ಟರ್ನ್‌ನ ಕರ್ನಲ್ ಬಾಯಲ್ಲಿ ಬಂತು. ಇದು ಕಾಕತಾಳೀಯ ಅಲ್ಲ. ದನಿ ಹಂಚುವವರಿಗೆ ಯಾರಿಗೆ ಯಾವುದು ಒಪ್ಪುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

ನೀವು ಕೇಳಿದ್ದು ಇಂಗ್ಲಿಷ್ ಪ್ರತಿಯ ಖಳರ ಬಗ್ಗೆ. ಇಂಗ್ಲಿಷ್ ಡಬ್ಬಿಂಗ್ ಎಷ್ಟೋ ಸಲ ಲಂಡನ್ನಿನಲ್ಲಾಗಲಿ ಹಾಲಿವುಡ್ಡಿನಲ್ಲಾಗಲಿ ಅಲ್ಲ, ರೋಮ್‌ನಲ್ಲೇ ಆಗುತ್ತಿತ್ತು. ಅಲ್ಲಿ ನೆಲೆಸಿದ ಅಮೆರಿಕನ್ನರು, ಬ್ರಿಟಿಷರು ಸೇರಿ ಇಂಗ್ಲಿಷ್ ಲ್ಯಾಂಗ್ವೇಜ್ ಡಬ್ಬರ್ಸ್ ಅಸೋಸಿಯೇಷನ್ ಕಟ್ಟಿಕೊಂಡಿದ್ದರು. ಟೋನಿ ರಸೆಲ್, ಟೆಡ್ ರುಸೋಫ್, ಎಡ್ವರ್ಡ್ ಮ್ಯಾನಿಕ್ಸ್, ಕ್ಯಾರೊಲಿನ್ ಡಿ ಫೊನ್ಸೆಕಾ ಅಂಥವರ ಚಿಕ್ಕ ಗುಂಪು. ಆ ಕಾಲದಲ್ಲಿ ರೋಮ್‌ನಿಂದ ಹೊರಟ ಚಿತ್ರಗಳನ್ನು ನಾಲ್ಕಾರು ಸತತ ನೋಡಿದರೆ ಇವರಲ್ಲಿ ಒಬ್ಬರಾದರೂ ಎರಡು ಸಲ ಸಿಗುತ್ತಾರೆ. 'ಜಾಂಗೋ' (1966) ಚಿತ್ರದ ಫ್ರಾಂಕೊ ನೀರೊಗೆ ಇಂಗ್ಲಿಷ್‌ನಲ್ಲಿ ಟೋನಿ ರಸೆಲ್, ಇಟಾಲಿಯನ್ನಿನಲ್ಲಿ ನಾಂದೊ ಗತ್ಸೋಲೊ. ನೀರೊ ಜಗತ್ಪ್ರಸಿದ್ಧರಾದ ಪಾತ್ರದಲ್ಲಿ ಎರಡೂ ಕಡೆ ಅವರ ದನಿಯೇ ಇಲ್ಲ. ರಸೆಲ್ ಸ್ವತಃ ಇಟಲಿಯ ಚಿತ್ರಗಳಲ್ಲಿ ನಾಯಕರಾಗಿ ನಟಿಸಿದವರು ಅನ್ನುವುದು ಇನ್ನೊಂದು ತಮಾಷೆ.

ಈ ಕಷ್ಟ ನನಗೆ ಅನುಭವದಿಂದ ಗೊತ್ತು. ಹೊಸದರಲ್ಲಿ ಚೆನ್ನೈನಲ್ಲಿ ಒಂದೇ ಚಿತ್ರಕ್ಕೆ ನಾನು ಆರು ಜನ ಆಗಿದ್ದೆ. ಕಾನ್‌ಸ್ಟೇಬಲ್, ಡಾಕ್ಟರ್, ಪೂಜಾರಿ, ಬಸ್ ಕಂಡಕ್ಟರ್, ಮತ್ತೆ ಇಬ್ಬರು ರೌಡಿಗಳು. ರೌಡಿಗಳು ಪರಸ್ಪರ ಬೈದಾಡುವ ದೃಶ್ಯದಲ್ಲಿ ಬೈದವನೂ ನಾನೇ, ಬೈಸಿಕೊಂಡವನೂ ನಾನೇ. ಒಬ್ಬನಿಗೆ ಎದೆಯಿಂದ ಮಾತಾಡಿದೆ, ಇನ್ನೊಬ್ಬನಿಗೆ ಮೂಗಿನಿಂದ. ಟೈಟಲ್ ಕಾರ್ಡಿನಲ್ಲಿ ಹೆಸರು ಬರಲಿಲ್ಲ. ಕೊನೆಯ ಕಂತಿನ ದುಡ್ಡೂ ಬರಲಿಲ್ಲ, ಬಿಡಿ. ಹಾಗಾಗಿ ಆ ರೋಮ್ ಗುಂಪಿನ ದನಿ ಕೇಳಿದಾಗೆಲ್ಲ ನನಗೆ ನಗು ಬರುತ್ತದೆ. ನಮ್ಮವರೇ ಅಂತ ಅನಿಸುತ್ತದೆ.

ದನಿ ಗುರುತಿಸಲು ಒಂದು ಎಚ್ಚರಿಕೆ. ಹಳೇ ಯುರೋಪಿಯನ್ ವಿಡಿಯೋದಿಂದ ತೆಗೆದ ಪ್ರತಿ ಸೆಕೆಂಡಿಗೆ 24ರ ಬದಲು 25 ಫ್ರೇಮ್‌ನಂತೆ ಓಡಿರುತ್ತದೆ. ದನಿ ಶೇ. 4ರಷ್ಟು ಬೇಗ ಓಡಿ ಸ್ವಲ್ಪ ತೆಳುವಾಗುತ್ತದೆ. ಅಂಥ ಪ್ರತಿ ಕೇಳಿ 'ಇವನು ಬೇರೆ' ಅಂತ ತೀರ್ಮಾನ ಮಾಡಬೇಡಿ. ಮಾತಿಗಿಂತ ನಗು, ಕೆಮ್ಮು, ಸಾಯುವಾಗಿನ ನರಳಾಟ ಕೇಳಿ. ಮಾತಿನ ಧಾಟಿ ಬದಲಿಸಬಹುದು, ಕೆಮ್ಮು ಬದಲಿಸುವುದು ಕಷ್ಟ. ಮುಖಗಳಿಗೆ ಟೈಟಲ್ ಕಾರ್ಡನ್ನೇ ನಂಬಬೇಡಿ. ಒಂದೇ ಚಿತ್ರದ ಇಟಲಿ ಪ್ರತಿಯಲ್ಲಿ ಒಂದು ಪಟ್ಟಿ, ಸ್ಪೇನ್ ಪ್ರತಿಯಲ್ಲಿ ಇನ್ನೊಂದು ಇರಬಹುದು. ಎರಡು ಪ್ರತಿ ಪಕ್ಕಪಕ್ಕ ಇಟ್ಟು ನೋಡುವ ತನಕ ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.

ಯಾವ ಪ್ರತಿ ನೋಡಬೇಕು? ನಾಯಕ ಅಮೆರಿಕದವನಾಗಿದ್ದರೆ ನಾನು ಇಂಗ್ಲಿಷ್ ಹಾಕುತ್ತೇನೆ. ಈಸ್ಟ್‌ವುಡ್, ವಾನ್ ಕ್ಲೀಫ್, ಈಲಾಯ್ ವಾಲಕ್ ಅವರ ತುಟಿ ಇಂಗ್ಲಿಷ್‌ನಲ್ಲೇ ಆಡಿದೆ, ದನಿಯೂ ಅವರದ್ದೇ. ಬದಲಿಗೆ ಸುತ್ತಲಿನವರು ಎಷ್ಟೋ ಸಲ ಸಪ್ಪೆ. ಇನ್ನೊಂದು ಅಪಾಯ, ಅಮೆರಿಕಕ್ಕೆ ಹೋದ ಪ್ರತಿಗಳನ್ನು ಕತ್ತರಿಸಿರುತ್ತಾರೆ. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಸುಮಾರು ಕಾಲು ಗಂಟೆ ಕಳೆದುಕೊಂಡಿತ್ತು. ಬಿಟ್ಟ ದೃಶ್ಯಗಳನ್ನು 2003ರ ಹೊತ್ತಿಗೆ ಮತ್ತೆ ಸೇರಿಸುವಾಗ ಅವಕ್ಕೆ ಇಂಗ್ಲಿಷ್ ಮಾತೇ ಇರಲಿಲ್ಲ. ಎಪ್ಪತ್ತು ದಾಟಿದ ಈಸ್ಟ್‌ವುಡ್, ಎಂಬತ್ತು ದಾಟಿದ ವಾಲಕ್ ಬಂದು ಮಾತಾಡಿದರು. 1989ರಲ್ಲೇ ತೀರಿಕೊಂಡಿದ್ದ ವಾನ್ ಕ್ಲೀಫ್‌ಗೆ ಸೈಮನ್ ಪ್ರೆಸ್ಕಾಟ್ ದನಿ ಕೊಟ್ಟರು. ಪೂರ್ತಿ ಪ್ರತಿ ನೋಡುವಾಗ ನಡುವೆ ಒಂದೆರಡು ದೃಶ್ಯದಲ್ಲಿ ನಾಯಕನ ಗಂಟಲು ದಿಢೀರನೆ ಮುದಿಯಾದರೆ ಬೆಚ್ಚಬೇಡಿ. ಅದರ ಹೊಸ ಸ್ಟೀರಿಯೋ ಮಿಕ್ಸಿಂಗ್‌ನಲ್ಲಿ ಗುಂಡಿನ ಸದ್ದನ್ನೂ ಬದಲಿಸಿದ್ದಾರೆ. ಹಳೇ ಮೋನೊ ಟ್ರ್ಯಾಕ್ ಇರುವ ಡಿಸ್ಕ್ ಸಿಕ್ಕರೆ ಅದನ್ನೇ ತಗೊಳ್ಳಿ.

ನಾಯಕ ಇಟಲಿಯವನಾಗಿದ್ದು ಸುತ್ತಲೂ ಇಟಲಿಯವರೇ ಇದ್ದರೆ ಇಟಾಲಿಯನ್ ಟ್ರ್ಯಾಕ್, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ತುಟಿ ಜಾಸ್ತಿ ಹೊಂದುತ್ತದೆ, ಚಿಕ್ಕ ಪಾತ್ರಗಳಿಗೂ ಜೀವ ಇರುತ್ತದೆ. ಅಪಾಯ ಸಬ್‌ಟೈಟಲ್‌ನಲ್ಲಿದೆ. ಕೆಲವು ಡಿಸ್ಕ್‌ಗಳಲ್ಲಿ ಅದು ಇಟಾಲಿಯನ್ ಮಾತಿನ ಅನುವಾದ ಅಲ್ಲ, ಇಂಗ್ಲಿಷ್ ಡಬ್ಬಿಂಗ್‌ನ ನಕಲು. ಬಾಯಿ ಒಂದು ಹೇಳುತ್ತದೆ, ಅಕ್ಷರ ಇನ್ನೊಂದು. ಜರ್ಮನ್ ಪ್ರತಿಗಳ ಕಥೆಯೇ ಬೇರೆ. ರೈನರ್ ಬ್ರಾಂಟ್ ಎಂಬ ಡಬ್ಬಿಂಗ್ ನಿರ್ದೇಶಕರು ಹಿಲ್-ಸ್ಪೆನ್ಸರ್ ಜೋಡಿಯ ಚಿತ್ರಗಳಿಗೆ ಮೂಲದಲ್ಲಿ ಇಲ್ಲದ ಜೋಕುಗಳನ್ನು ತುಂಬಿದರು. ನಟ ಬೆನ್ನು ತಿರುಗಿಸಿದರೆ ಸಾಕು, ಒಂದು ಜೋಕು ಒಳಗೆ. ಜರ್ಮನಿಯಲ್ಲಿ ಆ ಜೋಡಿಗೆ ಇಂದಿಗೂ ಇರುವ ಹುಚ್ಚಿನಲ್ಲಿ ಅವರ ಪಾಲು ದೊಡ್ಡದು.

ಈಗ ನಿಮ್ಮ ಶವಪೆಟ್ಟಿಗೆ ದೃಶ್ಯ. ನಾಯಕ ಮುದುಕನಿಗೆ ಮೂರು ಪೆಟ್ಟಿಗೆ ಮಾಡಿಡಲು ಹೇಳಿ ಹೋಗುತ್ತಾನೆ. ಗುಂಡು ಹಾರಿಸಿ ವಾಪಸ್ ಬರುವಾಗ ಲೆಕ್ಕ ತಪ್ಪಿತು, ನಾಲ್ಕು ಅನ್ನುತ್ತಾನೆ. ಈಸ್ಟ್‌ವುಡ್ ಸೆಟ್ಟಿನಲ್ಲಿ ಇಂಗ್ಲಿಷ್ ಆಡಿದ್ದರಿಂದ ಅವರ ಸಾಲಿಗೆ ಇಂಗ್ಲಿಷ್ ನೋಡಿ. ಪುಂಡರ ಮಾತಿಗೆ ಇಟಾಲಿಯನ್ ಕೇಳಿ. ಇಟಾಲಿಯನ್ ಪದಗಳು ನಮ್ಮ ಹಾಗೆ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ನಿಲ್ಲುತ್ತದೆ. ಕನ್ನಡ ಅಲ್ಲಿ ಸಲೀಸಾಗಿ ಕೂರುತ್ತದೆ. ದುಡ್ಡಿಗೆ ಅವರು 'ಸೋಲ್ದಿ' ಅನ್ನುತ್ತಾರೆ. ತುಟಿ ಮೊದಲು ಗುಂಡಗಾಗಿ ಆಮೇಲೆ ಅಗಲವಾಗುತ್ತದೆ. 'ದುಡ್ಡೇ' ಅಂದರೆ ಹೊಂದಿತು.

ಈಸ್ಟ್‌ವುಡ್ ಕಷ್ಟ. ಹಲ್ಲು ಕಚ್ಚಿ ಮಾತು, ನಡುವೆ ಚುಟ್ಟಾ. ಡಬ್ಬಿಂಗ್‌ನಲ್ಲಿ ನಾವು ಮೊದಲು ಹುಡುಕುವುದು ತುಟಿ ಸೇರುವ ಅಕ್ಷರ: ಪ, ಬ, ಮ. ಮೂರು ಪೆಟ್ಟಿಗೆ ಹೇಳುವ ಇಂಗ್ಲಿಷ್ ಸಾಲಿನಲ್ಲಿ ತುಟಿ ಒಮ್ಮೆಯೂ ಪೂರ್ತಿ ಸೇರುವುದಿಲ್ಲ. 'ಮೂರು ಪೆಟ್ಟಿಗೆ ಮಾಡಿಡು' ಅಂದರೆ ಮೂರು ಸಲ ಸೇರಬೇಕು. ಮುಖ ಎದುರಿಗಿದ್ದರೆ ಸಿಕ್ಕಿಬೀಳುತ್ತೀರಿ. ಟೋಪಿ ಅಂಚೋ ಬೆನ್ನೋ ಅಡ್ಡ ಬಂದ ಕಡೆಗೆ ಆ ಪದಗಳನ್ನು ತಳ್ಳಿ. ಲೆಕ್ಕ ತಿದ್ದುವ ಸಾಲು ಮಾತ್ರ ನಿಮ್ಮ ಪುಣ್ಯ. ಇಂಗ್ಲಿಷ್‌ನಲ್ಲಿ ಅದು 'ಮೈ ಮಿಸ್ಟೇಕ್' ಅಂತ ಮ ಅಕ್ಷರದಿಂದ ಶುರುವಾಗುತ್ತದೆ. 'ತಪ್ಪಾಯ್ತು' ಅಂತ ಅನುವಾದ ಮಾಡಿದರೆ ಕೆಟ್ಟಿತು. 'ಮೂರಲ್ಲ' ಅನ್ನಿ. ಮೂರೇ ಅಕ್ಷರ, ತುಟಿ ಸೇರಿ ಶುರು. ಒಂದು ಉಸಿರು ಬಿಟ್ಟು 'ನಾಲ್ಕು'. 'ಮಾರಾಯ' ಸೇರಿಸುವ ಆಸೆ ಆಗುತ್ತದೆ, ಬೇಡ, ಜಾಗ ಇಲ್ಲ.

ಮನೆಯಲ್ಲಿ ಮಾಡಿ ಮನೆಯವರಿಗೆ ತೋರಿಸಿ. ಹಳೇ ಚಿತ್ರ ಅಂದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ, ಲೆಕ್ಕ ದೇಶ ದೇಶಕ್ಕೆ ಬೇರೆ. ಅನುಮತಿ ಇಲ್ಲದೆ ಹೊರಗೆ ಹಾಕಿದರೆ ವಿಡಿಯೋ ತೆಗೆಸುತ್ತಾರೆ, ಚಾನೆಲ್ಲಿಗೂ ಏಟು ಬೀಳಬಹುದು.

ಪೆಟ್ಟಿಗೆ ಮಾಡುವ ಮುದುಕನ ಪಾತ್ರ ಅಪ್ಪನಿಗೆ ಕೊಡಿ. ಅದನ್ನು ಮಾಡಿದವರು ಆಸ್ಟ್ರಿಯಾದ ಜೋಸೆಫ್ ಎಗ್ಗರ್. ಬಾಯಿ ಸುತ್ತ ಗಡ್ಡ ಇದೆ. ಪ, ಬ, ಮ ಒಂದೆರಡು ಕಡೆ ತಪ್ಪಿದರೂ ಯಾರಿಗೂ ಕಾಣುವುದಿಲ್ಲ.